ಕೊನೆಯ ಕವಿಗೆ ಕಿವಿ ಯಾರದು?

ಕವಿಗೋಷ್ಠಿ ಚೆನ್ನಾಗಿ ಆಯ್ತಾ ಇಲ್ವಾ ಅಂತ ತಿಳಿಯೋಕೆ ನನ್ನದೊಂದು ಸುಲಭ ಲೆಕ್ಕವಿದೆ. ಆಹ್ವಾನ ಪತ್ರಿಕೆಯಲ್ಲಿ ಎಷ್ಟು ಹೆಸರಿತ್ತು, ವೇದಿಕೆ ಮೇಲೆ ಎಷ್ಟು ಹಾರ, ಎಷ್ಟು ಶಾಲು ಅನ್ನೋದಲ್ಲ. ಪಟ್ಟಿಯ ಕೊನೆಯ ಕವಿ ಮೈಕಿನ ಮುಂದೆ ನಿಂತಾಗ ಎದುರಿಗೆ ಎಷ್ಟು ಜನ ಕೂತಿದ್ದರು? ಅಷ್ಟೇ.

ನೀವೂ ನೋಡಿರ್ತೀರಿ. ಹತ್ತೂವರೆಗೆ ಅಂತ ಅಚ್ಚಾದ ಗೋಷ್ಠಿ ಹನ್ನೆರಡಕ್ಕೆ ಶುರು. ಪ್ರಾರ್ಥನೆ, ಸ್ವಾಗತ, ದೀಪ, ಉದ್ಘಾಟನಾ ಭಾಷಣ. ಆಮೇಲೆ 30 ಕವಿಗಳು, ತಲಾ 3 ನಿಮಿಷ. ಕಾಗದದ ಮೇಲೆ ಒಂದೂವರೆ ಗಂಟೆಯ ಕೆಲಸ. ಆದರೆ ಹೆಸರು ಕೂಗಿ, ಅವರು ವೇದಿಕೆ ಹತ್ತಿ, ವೇದಿಕೆಯಲ್ಲಿದ್ದ ಎಲ್ಲರಿಗೂ ವಂದಿಸಿ, ‘ಈ ಕವನ ಹುಟ್ಟಿದ ಸಂದರ್ಭ’ ವಿವರಿಸೋ ಹೊತ್ತಿಗೆ ಒಬ್ಬೊಬ್ಬರಿಗೆ 5 ನಿಮಿಷ ಹಿಡಿದರೂ ಎರಡೂವರೆ ಗಂಟೆ ಆಯ್ತು. ಮೊದಲು ಓದಿದವರು ಪ್ರಮಾಣಪತ್ರ ತಗೊಂಡು, ಫೋಟೊ ತೆಗೆಸಿಕೊಂಡು, ‘ಬಸ್ಸಿಗೆ ಹೊತ್ತಾಯ್ತು’ ಅಂತ ಹೊರಟುಬಿಡ್ತಾರೆ. ಉದ್ಘಾಟಕರಂತೂ ಆಗಲೇ ಇನ್ನೊಂದು ಕಾರ್ಯಕ್ರಮದಲ್ಲಿರ್ತಾರೆ. 28ನೆಯವರ ಸರದಿ ಬಂದಾಗ ಕೇಳೋಕೆ ಉಳಿಯೋರು 29ನೆಯವರು, 30ನೆಯವರು ಮತ್ತು ಕುರ್ಚಿ ಎತ್ತೋಕೆ ಬಂದ ಹುಡುಗ.

ನಗು ಬರುತ್ತೆ, ನಿಜ. ಆದರೆ ಆ ಕೊನೆಯವರು ಯಾರು ಅಂತ ಒಮ್ಮೆ ನೋಡಿ. ಹೆಚ್ಚಾಗಿ ಹೊಸಬರು. ಮಕ್ಕಳ ಮದುವೆ ಮುಗಿಸಿದ ಮೇಲೆ, ಡೈರಿಯಲ್ಲಿ ಬಚ್ಚಿಟ್ಟಿದ್ದ ಕವನವನ್ನು ಮೊದಲ ಸಲ ಹೊರಗೆ ತಂದ ಗೃಹಿಣಿ. ಎರಡು ಬಸ್ಸು ಬದಲಿಸಿ ಹಳ್ಳಿಯಿಂದ ಬಂದ ಬಿ.ಎ. ಓದೋ ಹುಡುಗ. ಖಾಲಿ ಕುರ್ಚಿಗಳು ಅವರಿಗೆ ಹೇಳೋದು ಒಂದೇ ಮಾತು: ‘ನಿಮ್ಮದು ಯಾರಿಗೂ ಬೇಕಿಲ್ಲ.’ ಆ ಡೈರಿ ಮತ್ತೆ ತೆರೆಯದೇ ಹೋದರೆ ಆಶ್ಚರ್ಯವೇನು?

ಕೇಳೋದು ನಮಗೆ ಗೊತ್ತಿಲ್ಲದ ವಿದ್ಯೆಯೇನಲ್ಲ. ಗಮಕವನ್ನೇ ತಗೊಳ್ಳಿ. ಒಬ್ಬರು ರಾಗವಾಗಿ ವಾಚನ ಮಾಡ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಹೇಳ್ತಾರೆ. ಇಡೀ ಏರ್ಪಾಡೇ ಕೇಳುಗನಿಗಾಗಿ. ಓದು ಬಾರದವರೂ ಕುಮಾರವ್ಯಾಸನನ್ನು, ಲಕ್ಷ್ಮೀಶನನ್ನು ಬಾಯಿಪಾಠವಾಗಿ ಬಲ್ಲವರಾದದ್ದು ಹೀಗೆ ಕೂತು ಕೇಳಿಯೇ. 1920ರ ದಶಕದಲ್ಲಿ ಧಾರವಾಡದಲ್ಲಿ ಬೇಂದ್ರೆ ಮತ್ತು ಸಂಗಡಿಗರು ಕಟ್ಟಿದ ‘ಗೆಳೆಯರ ಗುಂಪು’ ಕೂಡ ಅಂಥದ್ದೇ. ಬರೆದದ್ದನ್ನು ಕೇಳಿಸಿಕೊಳ್ಳೋಕೆ ಪಕ್ಕದಲ್ಲೇ ಗೆಳೆಯರಿದ್ದರು. ಉರ್ದು ಮುಷಾಯಿರಾದಲ್ಲಂತೂ ಒಂದು ಒಳ್ಳೆ ಪದ್ಧತಿ ಇದೆ: ಕಿರಿಯರು ಮೊದಲು ಓದ್ತಾರೆ, ಎಲ್ಲರಿಗಿಂತ ಹಿರಿಯರು ಕೊನೆಗೆ. ಅಂದರೆ ದೊಡ್ಡವರು ಚಿಕ್ಕವರನ್ನು ಕೇಳಲೇಬೇಕು, ದೊಡ್ಡವರಿಗಾಗಿ ಬಂದ ಜನವೂ ಕೂತಿರಲೇಬೇಕು. ನಮ್ಮ ಗೋಷ್ಠಿಯ ಅಧ್ಯಕ್ಷರೂ ಕೊನೆಗೇ ಮಾತಾಡೋದು. ಪದ್ಧತಿ ಇದೆ, ಅದರ ಉದ್ದೇಶವನ್ನು ಮಾತ್ರ ಮರೆತಿದ್ದೇವೆ.

ಈಗಿನ ಮಕ್ಕಳು ‘ಓಪನ್ ಮೈಕ್’ ಅಂತ ಶುರು ಮಾಡಿದ್ದಾರೆ. ಬೆಂಗಳೂರಲ್ಲಿ ಕೆಫೆಗಳಲ್ಲಿ, ಅಟ್ಟ ಗಲಾಟದಂಥ ಪುಸ್ತಕದಂಗಡಿಗಳಲ್ಲಿ ಸಂಜೆ ಹೊತ್ತು ಸೇರ್ತಾರೆ. ಬಾಗಿಲಲ್ಲಿ ಹೆಸರು ಬರೆಸಿದರಾಯ್ತು, ಯಾರ ಶಿಫಾರಸೂ ಬೇಡ, ಹಾರ–ಶಾಲೂ ಇಲ್ಲ. ಕನ್ನಡ, ಇಂಗ್ಲಿಷ್, ಹಿಂದಿ ಎಲ್ಲ ಒಂದೇ ಮೈಕಿನಲ್ಲಿ. ಪ್ರತಿ ಸಾಲಿಗೂ ಬೆರಳು ಚಿಟಿಕೆ ಹೊಡೆಯೋದು ನನಗಂತೂ ಸ್ವಲ್ಪ ಅತಿ ಅನ್ಸುತ್ತೆ. ಅಲ್ಲೂ ತಮ್ಮದು ಓದಿ ಜಾಗ ಖಾಲಿ ಮಾಡೋರಿಗೆ ಕೊರತೆಯಿಲ್ಲ. ಆದರೆ ಕೆಲವು ಕಡೆ ಅದಕ್ಕೊಂದು ಉಪಾಯ ಮಾಡಿದ್ದಾರೆ: ಅತಿಥಿ ಕವಿಯನ್ನು ಮೊದಲಿಗೂ ಹಾಕದೆ, ಕೊನೆಗೂ ಹಾಕದೆ, ಎರಡು ಸುತ್ತಿನ ನಡುವೆ ಕೂರಿಸ್ತಾರೆ. ಮೊದಲ ಸುತ್ತಿನವರು ಅತಿಥಿಗಾಗಿ ಕಾಯ್ತಾರೆ, ಎರಡನೇ ಸುತ್ತಿನವರು ಬೇಗ ಬಂದಿರ್ತಾರೆ. ಎರಡೂ ಗುಂಪಿಗೆ ಕೇಳುಗರು ಸಿಗ್ತಾರೆ.

ನವೆಂಬರ್ ಬಂದರೆ ಊರೂರಲ್ಲೂ ರಾಜ್ಯೋತ್ಸವದ ಕವಿಗೋಷ್ಠಿ. ಏರ್ಪಡಿಸೋರಿಗೆ ನನ್ನದು ಮೂರೇ ಕೋರಿಕೆ. ಕವಿಗಳು ಹನ್ನೆರಡು ಮಂದಿ ಸಾಕು. ಉಳಿದವರನ್ನು ಮುಂದಿನ ಸಲ ಕರೆಯಿರಿ, ಕಡೆಗಣಿಸಬೇಡಿ. ಪ್ರಮಾಣಪತ್ರ, ಫೋಟೊ ಎಲ್ಲ ಕಾರ್ಯಕ್ರಮ ಮುಗಿದ ಮೇಲೆ. ಅತಿಥಿ ಕವಿಯನ್ನು ಕರೆಯುವಾಗಲೇ ‘ಕೊನೇವರೆಗೂ ಇರಬೇಕು ಸಾರ್’ ಅಂತ ಹೇಳಿಬಿಡಿ. ಬಿಡುವಿಲ್ಲ ಅಂದರೆ ಬೇರೆಯವರನ್ನು ಕರೆಯಿರಿ. ಚಿಕ್ಕ ಹೆಸರಿನ, ದೊಡ್ಡ ತಾಳ್ಮೆಯ ಅತಿಥಿಯೇ ವಾಸಿ.

ಮೊದಲ ಸಲ ಓದೋರಿಗೂ ಒಂದೆರಡು ಮಾತು. ಮನೆಯಲ್ಲಿ ಗಟ್ಟಿಯಾಗಿ ಓದಿ, ಗಡಿಯಾರ ನೋಡಿಕೊಳ್ಳಿ. ಮೊಬೈಲಿನಲ್ಲಿ ಓದಿದರೆ ನಡುವೆ ಕರೆ ಬರುತ್ತೆ, ಅಕ್ಷರ ಜಾರುತ್ತೆ. ದೊಡ್ಡ ಅಕ್ಷರದಲ್ಲಿ ಹಾಳೆ ಮೇಲೆ ಬರೆದುಕೊಳ್ಳಿ. ‘ನಾನೇನು ದೊಡ್ಡ ಕವಿಯಲ್ಲ’ ಅಂತ ಶುರು ಮಾಡಬೇಡಿ. ಕವನಕ್ಕೆ ಪೀಠಿಕೆ ಬೇಡ, ಅದು ತಾನೇ ಮಾತಾಡಲಿ. ಓದಿದ ಮೇಲೆ ನೀವೂ ಕೂತಿರಿ.

ಇನ್ನು ಕವನ ಬರೆಯದ ನಮ್ಮಂಥವರ ಪಾಲಿಗೂ ಒಂದು ಕೆಲಸ ಉಂಟು. ಮುಂದಿನ ಗೋಷ್ಠಿಗೆ ಹೋದಾಗ ಕೊನೆಯವರೆಗೂ ಇರಿ. ಹೊಸಬರು ಓದಿದ್ದರಲ್ಲಿ ಒಂದೇ ಒಂದು ಸಾಲನ್ನು ನೆನಪಿಟ್ಟುಕೊಳ್ಳಿ. ಹೊರಗೆ ಕಾಫಿ ಕುಡಿಯುವಾಗ ಅವರ ಹತ್ತಿರ ಹೋಗಿ ಆ ಸಾಲನ್ನು ಹೇಳಿ. ‘ತುಂಬಾ ಚೆನ್ನಾಗಿತ್ತು’ ಅನ್ನೋದನ್ನ ಎಲ್ಲರೂ ಹೇಳ್ತಾರೆ, ಕೇಳದೇ ಇದ್ದವರೂ ಹೇಳ್ತಾರೆ. ತಮ್ಮ ಸಾಲು ಇನ್ನೊಬ್ಬರ ಬಾಯಲ್ಲಿ ಬಂದರೆ ಮಾತ್ರ ಅವರಿಗೆ ಗೊತ್ತಾಗುತ್ತೆ, ಯಾರೋ ಕೇಳಿದ್ದಾರೆ ಅಂತ.