ಸನ್ಮಾನದ ಶಾಲು ಮತ್ತು ಖಾಲಿ ಕುರ್ಚಿಗಳು



ಚಿತ್ರೋತ್ಸವ ಎಂಬ ಪದ ಕಂಡೊಡನೆ ನಿಮ್ಮಲ್ಲಿ ಕೆಲವರು ಈ ಪುಟವನ್ನು ತಿರುಗಿಸಿಬಿಡಬಹುದು. ಸಿನಿಮಾ ಎಂದರೆ ಕುಣಿತ, ಹೊಡೆದಾಟ, ಅರೆಬರೆ ಉಡುಪು. ಮಕ್ಕಳನ್ನು ಅದರಿಂದ ದೂರವಿಡುವುದೇ ಹೆತ್ತವರ ಕರ್ತವ್ಯ ಎಂದು ನೀವು ಹೇಳುತ್ತೀರಿ. ಅದರಲ್ಲಿ ಹುರುಳಿಲ್ಲವೆಂದು ನಾನು ವಾದಿಸುವುದಿಲ್ಲ. ಬೀದಿಯ ಗೋಡೆಗೆ ಅಂಟಿಸಿದ ಪೋಸ್ಟರುಗಳೇ ನಿಮ್ಮ ಪರವಾಗಿ ಸಾಕ್ಷಿ ಹೇಳುತ್ತವೆ. ಆದರೂ ಸ್ವಲ್ಪ ತಾಳ್ಮೆಯಿಂದ ಮುಂದೆ ಓದಿ. ಯಾಕೆಂದರೆ ನಾನು ಹೇಳಹೊರಟಿರುವುದು ನಮ್ಮ ಆಸುಪಾಸಿನ ಊರುಗಳ ಕಲಾವಿದರ ಬಗ್ಗೆ ಮತ್ತು ಪರದೆಯ ಮೇಲೆ ಬಂದ ನಮ್ಮದೇ ಮನೆಗಳ ಕಥೆಗಳ ಬಗ್ಗೆ.

ಚಿತ್ರೋತ್ಸವದಲ್ಲಿ ಚಿತ್ರಗಳನ್ನು ತೋರಿಸುವುದು ಅರ್ಧ ಕೆಲಸ ಮಾತ್ರ. ಉಳಿದರ್ಧ ವಿಶೇಷ ಕಾರ್ಯಕ್ರಮಗಳದ್ದು. 2006ರಲ್ಲಿ ಆರಂಭವಾದ ಬೆಂಗಳೂರಿನ ಅಂತಾರಾಷ್ಟ್ರೀಯ ಚಿತ್ರೋತ್ಸವವೇ ಇರಲಿ, ಯಾವುದೋ ಪಟ್ಟಣದ ಮೂರು ದಿನಗಳ ಪುಟ್ಟ ಉತ್ಸವವೇ ಇರಲಿ, ಕ್ರಮ ಹೆಚ್ಚುಕಡಿಮೆ ಒಂದೇ. ಹಿರಿಯ ಕಲಾವಿದರಿಗೆ ಸನ್ಮಾನ, ಅಗಲಿದವರ ಸ್ಮರಣೆ, ಒಬ್ಬ ನಿರ್ದೇಶಕರ ಚಿತ್ರಗಳನ್ನು ಒಟ್ಟಾಗಿ ತೋರಿಸುವುದು, ಪ್ರದರ್ಶನದ ನಂತರ ಪ್ರೇಕ್ಷಕರೊಂದಿಗೆ ಸಂವಾದ. ಸನ್ಮಾನದ ವೇಳೆ ಸಭಾಂಗಣ ತುಂಬಿರುತ್ತದೆ. ಶಾಲು ಹೊದಿಸಿ, ಪೇಟ ತೊಡಿಸಿ, ಫಲತಾಂಬೂಲ ಕೊಟ್ಟು, ಫೋಟೋ ತೆಗೆಯುತ್ತಾರೆ. ಗಣ್ಯರು ಹೊರಟರೆಂದರೆ ಜನರೂ ಹೊರಡುತ್ತಾರೆ. ಸಂವಾದದ ಹೊತ್ತಿಗೆ ಕುರ್ಚಿಗಳು ಖಾಲಿ. ನಿಜವಾದ ಗೌರವ ಸಲ್ಲಬೇಕಾದ ವೇಳೆ ಅದೇ ಎಂಬುದು ಯಾರಿಗೂ ನೆನಪಿರುವುದಿಲ್ಲ.

ನಮ್ಮ ತುಮಕೂರನ್ನೇ ತೆಗೆದುಕೊಳ್ಳಿ. ಶಿರಾ ಗೇಟ್‌ನಲ್ಲಿ ಬಸ್ಸಿಗೆ ಕಾಯುವ ಹುಡುಗನೊಬ್ಬನನ್ನು ನಿಲ್ಲಿಸಿ, ಈ ಜಿಲ್ಲೆಯ ಕಲಾವಿದರು ಯಾರಪ್ಪಾ ಎಂದು ಕೇಳಿದರೆ ಎಷ್ಟು ಹೆಸರು ಹೇಳಿಯಾನು? ತುಮಕೂರಿನಿಂದ ಸುಮಾರು 20 ಕಿ.ಮೀ. ದೂರದ ಗುಬ್ಬಿಯಲ್ಲಿ 1884ರಲ್ಲಿ ಒಂದು ನಾಟಕ ಕಂಪನಿ ಹುಟ್ಟಿತು. ಗುಬ್ಬಿ ವೀರಣ್ಣನವರ ಕೈಯಲ್ಲಿ ಅದು ನಾಡಿನಾದ್ಯಂತ ಹೆಸರಾಯಿತು. ಅವರ ಸಂಸ್ಥೆ ಪಾಲುದಾರಿಕೆ ವಹಿಸಿದ್ದ 'ಬೇಡರ ಕಣ್ಣಪ್ಪ' 1954ರಲ್ಲಿ ತೆರೆಕಂಡಾಗ ರಾಜಕುಮಾರ್ ನಾಯಕನಟರಾಗಿ ಬೆಳಕಿಗೆ ಬಂದರು. ಅದೇ ಚಿತ್ರದ ಮೂಲಕ ತಿಪಟೂರಿನ ನರಸಿಂಹರಾಜು ಕನ್ನಡಿಗರನ್ನು ನಗಿಸಲು ಬಂದರು. 1979ರಲ್ಲಿ ತೀರಿಕೊಳ್ಳುವವರೆಗೂ ಅವರು ನಗಿಸುತ್ತಲೇ ಇದ್ದರು.

'ಬೇಡರ ಕಣ್ಣಪ್ಪ'ದ ನಿರ್ದೇಶಕ ಎಚ್.ಎಲ್.ಎನ್. ಸಿಂಹ. ಅದಕ್ಕೂ ಮೊದಲು, 1936ರಲ್ಲಿ, ಅವರು ನಿರ್ದೇಶಿಸಿದ್ದ ಚಿತ್ರ 'ಸಂಸಾರ ನೌಕೆ'. ಕನ್ನಡದ ಮೊದಲ ಸಾಮಾಜಿಕ ಚಿತ್ರವೆಂದು ಅದನ್ನು ಗುರುತಿಸುತ್ತಾರೆ. ಅದು ಮೊದಲು ನಾಟಕವಾಗಿತ್ತು. ಅದನ್ನು ಆಡುತ್ತಿದ್ದದ್ದು ಚಂದ್ರಕಲಾ ನಾಟಕ ಮಂಡಳಿ. ಆ ಮಂಡಳಿಯ ಒಡೆಯರು ಯಾರು ಗೊತ್ತೇ? ಮಹಮ್ಮದ್ ಪೀರ್! ಕನ್ನಡ ರಂಗಭೂಮಿಯ ಹೆಸರಾಂತ ನಟ. ಮುಂದೆ ದೊಡ್ಡ ನಿರ್ದೇಶಕರಾದ ಬಿ.ಆರ್. ಪಂತುಲು ಪೀರ್ ಸಾಹೇಬರ ಕಂಪನಿಯಲ್ಲಿ ಪಳಗಿದವರು; ಆಮೇಲೆ ಗುಬ್ಬಿ ಕಂಪನಿ ಸೇರಿದವರು. ಕನ್ನಡ ಚಿತ್ರರಂಗದ ಬುನಾದಿಯಲ್ಲಿ ಒಬ್ಬ ಮುಸ್ಲಿಮನ ಬೆವರೂ ಇದೆ ಎಂಬ ಈ ಸಂಗತಿ ನಮ್ಮ ಎಷ್ಟು ಮಕ್ಕಳಿಗೆ ಗೊತ್ತು? ಬೇರೆಯವರು ಮರೆತರೆಂದು ದೂರುವ ಮೊದಲು ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಯಿದು.

ಈಗ ಹೆಣ್ಣುಮಕ್ಕಳ ವಿಷಯಕ್ಕೆ ಬರೋಣ. ಉಮಾಶ್ರೀ ಇದೇ ಜಿಲ್ಲೆಯ ನೊಣವಿನಕೆರೆಯವರು. ಗಿರೀಶ್ ಕಾಸರವಳ್ಳಿಯವರ 'ಗುಲಾಬಿ ಟಾಕೀಸ್' ಚಿತ್ರದ ಪಾತ್ರಕ್ಕಾಗಿ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಆ ಪಾತ್ರ ಒಬ್ಬ ಬಡ ಮುಸ್ಲಿಂ ಸೂಲಗಿತ್ತಿಯದು. ವೈದೇಹಿಯವರ ಸಣ್ಣಕಥೆಯನ್ನು ಆಧರಿಸಿದ ಈ ಚಿತ್ರದಲ್ಲಿ ಗಂಡ ದೂರಮಾಡಿದ ಗುಲಾಬಿಯ ಮನೆಗೆ ಒಂದು ಟಿ.ವಿ. ಬರುತ್ತದೆ. ಅದನ್ನು ನೋಡಲು ಕೇರಿಯ ಹೆಂಗಸರು ಅವಳ ಮನೆಗೆ ಬರತೊಡಗುತ್ತಾರೆ. ಕಾರ್ಗಿಲ್ ಯುದ್ಧದ ದಿನಗಳು ಬಂದಾಗ ಅದೇ ಕೇರಿಯಲ್ಲಿ ಅನುಮಾನ ಬೆಳೆಯುತ್ತದೆ. ಊರಿನ ಎಷ್ಟೋ ಕೂಸುಗಳನ್ನು ಕೈಯಲ್ಲಿ ಹಿಡಿದ ಆಕೆ ಕೊನೆಗೆ ಊರನ್ನೇ ಬಿಡಬೇಕಾಗುತ್ತದೆ.

ಕಾಸರವಳ್ಳಿಯವರ ಇನ್ನೊಂದು ಚಿತ್ರ 2004ರ 'ಹಸೀನಾ'. ಇದರ ಮೂಲ ಬಾನು ಮುಷ್ತಾಕ್ ಅವರ 'ಕರಿ ನಾಗರಗಳು' ಕಥೆ. ಹೌದು, 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಹಾಸನದ ಅದೇ ಬಾನು ಮುಷ್ತಾಕ್. ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಗಂಡ ಕೈಬಿಟ್ಟ ಹೆಂಗಸು ಜಮಾಅತ್‌ನ ಮುತವಲ್ಲಿಯ ಮುಂದೆ ನ್ಯಾಯ ಕೇಳಿ ನಿಲ್ಲುವ ಕಥೆಯದು. ಕುಟುಂಬ ಕಲ್ಯಾಣ ಕುರಿತ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಅದಕ್ಕೆ ಸಂದಿತು. ನಟಿ ತಾರಾ ಅವರಿಗೂ, ವಸ್ತ್ರವಿನ್ಯಾಸಕ್ಕಾಗಿ ಇಶ್ರತ್ ನಿಸಾರ್ ಅವರಿಗೂ ಪ್ರಶಸ್ತಿ ದೊರೆಯಿತು. ನಟಿಯ ಹೆಸರು ಎಲ್ಲರಿಗೂ ಗೊತ್ತು. ಆ ಪಾತ್ರಕ್ಕೆ ಸೆರಗು, ಬುರ್ಖಾ ಯಾವುದಿರಬೇಕೆಂದು ಯೋಚಿಸಿದವರ ಹೆಸರು ಯಾರಿಗೆ ನೆನಪಿದೆ?

ಇಂಥ ಚಿತ್ರಗಳ ಬಗ್ಗೆ ಚರ್ಚೆಯಾಗುವಾಗ ಸಭಾಂಗಣದಲ್ಲಿ ನಮ್ಮವರು ಎಷ್ಟು ಮಂದಿ ಇರುತ್ತಾರೆ? ಬೆರಳೆಣಿಕೆಯಷ್ಟು. ನಮ್ಮ ಮನೆಯ ಕಥೆ, ನಮ್ಮ ಜಮಾಅತ್‌ನ ಕಥೆ, ನಮ್ಮ ಹೆಣ್ಣುಮಗಳ ಕಣ್ಣೀರು. ಆದರೆ ಮಾತಾಡುವವರೆಲ್ಲ ಬೇರೆಯವರು. ಅವರು ಒಳ್ಳೆಯ ಮನಸ್ಸಿನಿಂದಲೇ ಮಾತಾಡಬಹುದು. ಆದರೂ ತಲಾಕ್ ಎಂದರೇನು, ಕುಲಾ ಎಂದರೇನು, ಶರೀಅತ್ ಪತ್ನಿಗೆ ಕೊಟ್ಟ ಹಕ್ಕುಗಳೇನು, ಅವನ್ನು ನಮ್ಮ ಗಂಡಸರು ಹೇಗೆ ಮರೆಮಾಡಿದರು ಎಂದು ಅಲ್ಲಿ ಎದ್ದುನಿಂತು ಹೇಳುವವರು ಬೇಡವೇ?

"ಸಿನಿಮಾದವರು ನಮ್ಮನ್ನು ಕೆಟ್ಟದಾಗಿ ತೋರಿಸುತ್ತಾರೆ" ಎಂಬ ದೂರು ಸುಳ್ಳಲ್ಲ. ಟೋಪಿ, ಸುರ್ಮಾ, ಕೈಯಲ್ಲೊಂದು ಚಾಕು; ಎಷ್ಟೋ ಚಿತ್ರಗಳಲ್ಲಿ ನಮ್ಮ ಪರಿಚಯ ಇಷ್ಟೇ. ಅದನ್ನು ವಿರೋಧಿಸಲೇಬೇಕು. ಆದರೆ ಚಿತ್ರವನ್ನು ನೋಡದೆ, ಯಾರೋ ಹೇಳಿದ್ದನ್ನು ಕೇಳಿ ಕೆರಳುವುದು ವಿರೋಧವಾಗುವುದಿಲ್ಲ. ಬಂದ ಸುದ್ದಿಯನ್ನು ಪರಿಶೀಲಿಸದೆ ನಂಬಬೇಡಿ ಎಂಬುದು ಪವಿತ್ರ ಕುರ್‌ಆನ್ ನಮಗೆ ಕಲಿಸಿದ ಪಾಠ. ಈ ಪಾಠ ಸಿನಿಮಾಕ್ಕೂ ಅನ್ವಯಿಸುತ್ತದೆ. ಬೈಗುಳ ತುಂಬಿದ ಹತ್ತು ಸಂದೇಶಗಳನ್ನು ಮೊಬೈಲಿನಲ್ಲಿ ರವಾನಿಸುವುದಕ್ಕಿಂತ ನಿರ್ದೇಶಕರ ಎದುರು ಕುಳಿತು ಕೇಳುವ ಒಂದು ಸಭ್ಯ ಪ್ರಶ್ನೆಗೆ ಹೆಚ್ಚು ತೂಕವಿದೆ.

ಎಲ್ಲ ಚಿತ್ರಗಳನ್ನೂ ನೋಡಿ ಎಂದು ನಾನು ಹೇಳುತ್ತಿಲ್ಲ. ಆಯ್ಕೆ ನಿಮ್ಮದು. ನಿಮ್ಮ ಊರಿನಲ್ಲಿ ಉತ್ಸವ ನಡೆದರೆ ಮೊದಲು ಚಿತ್ರಗಳ ಪಟ್ಟಿ ತರಿಸಿಕೊಳ್ಳಿ. ಕುಟುಂಬದೊಂದಿಗೆ ನೋಡಬಹುದಾದ ಒಂದನ್ನು ಆರಿಸಿ, ತಾಯಿ-ಮಗಳು, ಅತ್ತೆ-ಸೊಸೆ ಜೊತೆಯಾಗಿ ಹೋಗಿ. ಗಂಡಸರು ಕರೆದುಕೊಂಡು ಹೋಗಲಿ. ಚಿತ್ರ ಮುಗಿದೊಡನೆ ಏಳದೆ ಸಂವಾದಕ್ಕೆ ಕುಳಿತುಕೊಳ್ಳಿ. ನಮ್ಮ ಬದುಕಿನ ಪಾತ್ರ ಮಾಡಿದ ಕಲಾವಿದೆ ಅಲ್ಲಿದ್ದರೆ, ನಮ್ಮ ಮಾತು, ನಡೆ, ದುಃಖವನ್ನು ಎಲ್ಲಿ ಕಲಿತಿರಿ ಎಂದು ಕೇಳಿ. ತಪ್ಪಿದ್ದರೆ ತಿದ್ದಿ, ಚೆನ್ನಾಗಿದ್ದರೆ ಮೆಚ್ಚಿ.

ಉತ್ಸವ ನಡೆಸುವವರಿಗೂ ಎರಡು ಮಾತು. ಗುಬ್ಬಿ, ಕುಣಿಗಲ್ ಕಡೆಯಿಂದ ಬರುವ ಹೆಂಗಸರು ಕತ್ತಲಾಗುವ ಮುನ್ನ ಮನೆ ಸೇರಬೇಕು. ಸ್ಥಳೀಯ ಕಲಾವಿದರ ಕಾರ್ಯಕ್ರಮವನ್ನು ರಾತ್ರಿಗೆ ತಳ್ಳದೆ ಹಗಲಿನಲ್ಲಿಡಿ. ನಮಾಝಿಗೆ ಕಾಲು ಗಂಟೆ ಬಿಡುವು ಕೊಡಿ. ಸ್ಮರಣೆಯ ಸಾಲಿನಲ್ಲಿ ವೀರಣ್ಣ, ನರಸಿಂಹರಾಜು ಅವರ ಚಿತ್ರಪಟಗಳ ಪಕ್ಕದಲ್ಲಿ ಮಹಮ್ಮದ್ ಪೀರ್ ಅವರದ್ದನ್ನೂ ಇಡಿ. ತೆರೆಯ ಹಿಂದೆ ಬಟ್ಟೆ ಹೊಲಿದವರನ್ನೂ, ದೀಪ ಹಿಡಿದವರನ್ನೂ ವೇದಿಕೆಗೆ ಕರೆಯಿರಿ. ಶಾಲಿನ ಜೊತೆಗೆ ಅವರಿಗೆ ಮಾತಾಡಲು ಹತ್ತು ನಿಮಿಷವನ್ನೂ ಕೊಡಿ.

ಇನ್ನು ಉಳಿದದ್ದು ನಾವು ಹೋಗಿ ಕುಳಿತು ಕೇಳುವ ಕೆಲಸ. ನೀವೇನನ್ನುತ್ತೀರಿ? ಮನೆಯಲ್ಲಿ ಚರ್ಚಿಸಿ, ನಮಗೆ ಬರೆದು ತಿಳಿಸಿ.