ಎಲ್ಲರೂ ಸಮಾಜವಾದಿಗಳೇ, ಹಾಗಾದರೆ ಗಿರಣಿ ಯಾರದು?

ಬೈಲಹೊಂಗಲದ ಪೇಟೆಯಲ್ಲಿ ನಿಂತು ಯಾರನ್ನಾದರೂ "ನಿಮ್ಮದು ಯಾವ ಪಕ್ಷ?" ಎಂದು ಕೇಳಿ ನೋಡಿರಿ. ಉತ್ತರ ತಟ್ಟನೆ ಬರುತ್ತದೆ. ಒಬ್ಬನು ಪುಢಾರಿಯ ಹೆಸರು ಹೇಳುತ್ತಾನೆ, ಇನ್ನೊಬ್ಬನು ಮಠದ ಹೆಸರು, ಮತ್ತೊಬ್ಬನು ತನ್ನ ಜಾತಿ. "ಅದಿರಲಿ, ನಿಮ್ಮ ರಾಜಕೀಯ ತತ್ವ ಯಾವುದು?" ಎಂದು ಮುಂದುವರಿಸಿದಿರೋ, ಮಾತು ಅಲ್ಲಿಗೇ ನಿಂತಿತು. "ನಮಗೆಲ್ಲಿ ತತ್ವ ರೀ, ದುಡದ್ರ ಊಟ, ಇಲ್ಲಾಂದ್ರ ಉಪವಾಸ. ನಾವು ಯಾವ ಕಡೇನೂ ಅಲ್ಲ" ಎನ್ನುತ್ತಾರೆ. ಹೇಳುವವರ ದನಿಯಲ್ಲಿ ಒಂದಿಷ್ಟು ಹೆಮ್ಮೆಯೂ ಇರುತ್ತದೆ.

ಗೆಳೆಯರೇ, ಈ ಹೆಮ್ಮೆಯನ್ನು ನಾವು ಒಪ್ಪಲಾರೆವು. ತಕ್ಕಡಿ ಹಿಡಿದು ಬದುಕುವವರಿಗೆ ಬೇರೆ ಹೇಳಬೇಕೆ? ಒಂದು ತಟ್ಟೆಯಲ್ಲಿ ಕಲ್ಲಿಡದೆ ಬಿಟ್ಟರೆ ತಕ್ಕಡಿ ನಡುವೆ ನಿಲ್ಲುವುದಿಲ್ಲ, ಭಾರವಿದ್ದ ಕಡೆಗೇ ಬಾಗುತ್ತದೆ. ಕಬ್ಬಿನ ದರ ಕಟ್ಟುವವನಿಗೆ ತತ್ವವಿದೆ. ರಾಮದುರ್ಗದ ನೇಕಾರನಿಗೆ ನೂಲು ಕೊಟ್ಟು, ಸೀರೆ ಇಸಿದುಕೊಂಡು, ತನಗೆ ತಿಳಿದಷ್ಟು ಮಜೂರಿ ಎಣಿಸಿ ಕೊಡುವ ಸಾಹುಕಾರನಿಗೂ ತತ್ವವಿದೆ. ಅದನ್ನು ಅವನು ಸಭೆಯಲ್ಲಿ ಸಾರುವುದಿಲ್ಲ, ತನ್ನ ಕಿರ್ದಿಯಲ್ಲಿ ಬರೆದಿಟ್ಟುಕೊಳ್ಳುತ್ತಾನೆ. "ನಾವು ಯಾವ ಕಡೆಯೂ ಅಲ್ಲ" ಎಂಬ ನಮ್ಮ ಮಾತು ಅವನ ಕಿರ್ದಿಯಲ್ಲಿ ಜಮಾ ಆಗುತ್ತದೆ.

ಪಕ್ಷದ ಹೆಸರನ್ನೇ ತತ್ವವೆಂದು ತಿಳಿದವರ ಗತಿಯೂ ಇದಕ್ಕಿಂತ ಮೇಲಲ್ಲ. ಶ್ರೀ ಜಗದೀಶ ಶೆಟ್ಟರ ಅವರು 2023ರ ಏಪ್ರಿಲಿನಲ್ಲಿ ಭಾರತೀಯ ಜನತಾ ಪಕ್ಷ ಬಿಟ್ಟು ಕಾಂಗ್ರೆಸ್ಸಿಗೆ ಬಂದರು. 2024ರ ಜನವರಿಯಲ್ಲಿ ಮರಳಿ ಹೋದರು. ಅದೇ ವರ್ಷ ಬೆಳಗಾವಿಯಿಂದ ಲೋಕಸಭೆಗೆ ಆರಿಸಿಯೂ ಬಂದರು. ಬೈಲಹೊಂಗಲ, ಸವದತ್ತಿ, ರಾಮದುರ್ಗ ಮೂರೂ ಆ ಕ್ಷೇತ್ರದೊಳಗಿನವೇ. ಹತ್ತು ತಿಂಗಳೊಳಗೆ ಅವರ ತತ್ವ ಎರಡು ಸಲ ಬದಲಾಯಿತೇ, ಅಥವಾ ಎರಡೂ ಕಡೆ ಅದೇ ತತ್ವ ನಡೆಯುತ್ತದೆಯೇ? ಎರಡನೆಯದೇ ನಿಜವೆಂದು ನಮ್ಮ ಅನುಮಾನ.

ಆದರೂ ತಪ್ಪನ್ನೆಲ್ಲ ಆ ಪೇಟೆಯ ಮನುಷ್ಯನ ತಲೆಗೆ ಕಟ್ಟುವುದು ನ್ಯಾಯವಲ್ಲ. ಹೆಸರುಗಳನ್ನು ಕೆಡಿಸಿದವರು ಬೇರೆಯೇ ಇದ್ದಾರೆ. ಸಮಾಜವಾದ ಎಂಬ ಒಂದೇ ಮಾತನ್ನು ತೆಗೆದುಕೊಳ್ಳಿರಿ. 1955ರಲ್ಲಿ ಆವಡಿಯ ಅಧಿವೇಶನದಲ್ಲಿ ಕಾಂಗ್ರೆಸ್ಸು "ಸಮಾಜವಾದಿ ಮಾದರಿಯ ಸಮಾಜ"ದ ಠರಾವು ಮಾಡಿತು. ಜಮೀನುದಾರರು ಆ ಪಕ್ಷದಲ್ಲೇ ಇದ್ದರು, ಠರಾವಿಗೆ ಕೈಯನ್ನೂ ಎತ್ತಿದರು. 1976ರಲ್ಲಿ 42ನೆಯ ತಿದ್ದುಪಡಿಯಿಂದ ಆ ಮಾತು ಸಂವಿಧಾನದ ಪೀಠಿಕೆಗೇ ಏರಿತು. ಆಗ ನಿಜವಾದ ಸಮಾಜವಾದಿಗಳು ಎಲ್ಲಿದ್ದರು? ಸೆರೆಮನೆಯಲ್ಲಿ! ಸ್ನೇಹಲತಾ ರೆಡ್ಡಿಯವರು ಬೆಂಗಳೂರಿನ ಸೆಂಟ್ರಲ್ ಜೇಲಿನಲ್ಲಿ ಉಸಿರಿಗಾಗಿ ಒದ್ದಾಡುತ್ತಿದ್ದರು. ತಿದ್ದುಪಡಿ ಜಾರಿಗೆ ಬಂದದ್ದು 1977ರ ಜನವರಿ 3ಕ್ಕೆ. ಅವರನ್ನು ಹೊರಗೆ ಬಿಟ್ಟದ್ದು ಅದೇ ತಿಂಗಳಿನಲ್ಲಿ, ಅವರು ತೀರಿಹೋದದ್ದು ಜನವರಿ 20ರಂದು.

ಮುಂದೆ ಕೇಳಿರಿ. 1980ರಲ್ಲಿ ಹುಟ್ಟಿದ ಭಾರತೀಯ ಜನತಾ ಪಕ್ಷವು "ಗಾಂಧೀವಾದಿ ಸಮಾಜವಾದ"ವೇ ತನ್ನ ಧೋರಣೆ ಎಂದು ಸಾರಿತು. 1989ರಿಂದ ಚುನಾವಣೆಯ ಕಾಯ್ದೆಯೇ ಬದಲಾಯಿತು. ನೋಂದಣಿ ಬಯಸುವ ಪ್ರತಿಯೊಂದು ಪಕ್ಷವೂ ಸಮಾಜವಾದಕ್ಕೆ ನಿಷ್ಠೆಯಿಂದಿರುವೆನೆಂದು ತನ್ನ ಘಟನೆಯಲ್ಲಿ ಬರೆದುಕೊಡಬೇಕು. ಬರೆದು ಕೊಡುತ್ತಾರೆ, ಚಿಹ್ನೆ ಪಡೆಯುತ್ತಾರೆ. ಪೀಠಿಕೆಯಿಂದ ಆ ಶಬ್ದ ತೆಗೆಯಿರೆಂದು ಕೆಲವರು ಸುಪ್ರೀಂ ಕೋರ್ಟಿಗೆ ಹೋಗಿದ್ದರು. 2024ರ ನವೆಂಬರ್ 25ರಂದು ಕೋರ್ಟು ಅರ್ಜಿಗಳನ್ನು ತಳ್ಳಿಹಾಕಿತು. ಸಂತೋಷ. ಆದರೆ ಸಮಾಜವಾದವೆಂದರೆ ಕಲ್ಯಾಣ ರಾಜ್ಯ, ಅದರಿಂದ ಖಾಸಗಿ ಉದ್ಯಮಕ್ಕೆ ಅಡ್ಡಿಯಿಲ್ಲ ಎಂಬ ಅರ್ಥದ ಮಾತನ್ನೂ ಅದೇ ಆದೇಶದಲ್ಲಿ ಹೇಳಿತು. ಹೀಗೆ ಶಬ್ದ ಗೆದ್ದಿತು, ಗಿರಣಿಯ ಧಣಿಗೂ ನಿದ್ದೆ ಕೆಡಲಿಲ್ಲ.

ನಮ್ಮ ಮನೆಯ ಹುಳುಕನ್ನೂ ಹೇಳಿಬಿಡೋಣ. 1934ರಲ್ಲಿ ಕಾಂಗ್ರೆಸ್ಸಿನೊಳಗೆ ಸಮಾಜವಾದಿಗಳು, 1948ರಲ್ಲಿ ಹೊರಗೆ, 1952ರಲ್ಲಿ ಪ್ರಜಾ ಸಮಾಜವಾದಿಗಳು, 1955ರ ಕೊನೆಗೆ ಲೋಹಿಯಾ ಅವರದು ಬೇರೆ ಒಲೆ, 1964ರಲ್ಲಿ ಸಂಯುಕ್ತ, 1977ರಲ್ಲಿ ಜನತಾ ಪಕ್ಷದಲ್ಲಿ ವಿಲೀನ. ನಮ್ಮ ಮನೆಯ ಟ್ರಂಕಿನಲ್ಲಿ ತಂದೆಯವರ ಸದಸ್ಯತ್ವದ ಪಾವತಿಗಳಿವೆ: ಹೆಸರು ಮೂರು, ಚಿಹ್ನೆ ಮೂರು, ಚಂದಾ ಕೊಟ್ಟ ಮನುಷ್ಯ ಒಬ್ಬನೇ. ಸಮಾಜವಾದಿ ಗರಡಿಯಲ್ಲಿ ಬೆಳೆದ ಬಂಗಾರಪ್ಪನವರು ಎಷ್ಟು ಪಕ್ಷ ಕಂಡರೆಂದು ಎಣಿಸಲು ಒಂದು ಕೈ ಸಾಲದು. ಜೆ. ಎಚ್. ಪಟೇಲರು ಜನತಾ ದಳದಿಂದ ಮುಖ್ಯಮಂತ್ರಿಗಳಾದರು, ತಮ್ಮನ್ನು ಸಮಾಜವಾದಿಯೆಂದೇ ಕರೆದುಕೊಳ್ಳುವ ಸಿದ್ದರಾಮಯ್ಯನವರು 2013ರಲ್ಲಿ ಕಾಂಗ್ರೆಸ್ಸಿನಿಂದ. ಇಷ್ಟು ಬೋರ್ಡು ಬದಲಿಸಿದ ಅಂಗಡಿಗೆ ಗಿರಾಕಿ ಬರಲಿಲ್ಲವೆಂದು ಗಿರಾಕಿಯನ್ನು ಬೈಯುವುದು ಯಾವ ವ್ಯಾಪಾರ?

ಹಾಗಾದರೆ ಮನುಷ್ಯ ತನ್ನ ತತ್ವವನ್ನು ಹೇಗೆ ಗುರುತಿಸಬೇಕು? ಇದಕ್ಕೆ ದೂರ ಹೋಗಬೇಕಾಗಿಲ್ಲ, ರಾಮದುರ್ಗಕ್ಕೆ ಹೋದರೆ ಸಾಕು. ಅದು ಸಂಸ್ಥಾನವಾಗಿದ್ದಾಗ ಅಲ್ಲಿಯ ಜನ ಗ್ರಂಥ ಓದಿ ರಾಜಕಾರಣಕ್ಕೆ ಇಳಿದವರಲ್ಲ. ಕರ ಹೊರಲಾರದಾಯಿತು, ರಾಜರು ಕೇಳಲಿಲ್ಲ, ಪ್ರಜಾ ಸಂಘ ಕಟ್ಟಿದರು. 1939ರ ಏಪ್ರಿಲಿನಲ್ಲಿ ಮುಖಂಡರನ್ನು ಹಿಡಿದಾಗ ಜನರು ಸೆರೆಮನೆಗೇ ನುಗ್ಗಿದರು, ಪೋಲೀಸರು ಸತ್ತರು, ಆಮೇಲೆ ನೇಣಿನ ಶಿಕ್ಷೆಗಳಾದವು. ಆ ರಕ್ತಪಾತವನ್ನು ನಾವು ಹೊಗಳುವುದಿಲ್ಲ. ಆದರೆ "ಪ್ರಜೆ" ಎಂದು ತಮ್ಮನ್ನು ಕರೆದುಕೊಂಡಾಗ ಅವರಿಗೆ ಆ ಮಾತಿನ ಅರ್ಥ ಗೊತ್ತಿತ್ತು: ಕರ ಎಷ್ಟೆಂದು ನಿಶ್ಚಯಿಸುವಲ್ಲಿ ತನಗೂ ಬಾಯಿ ಉಂಟು ಎನ್ನುವವನು ಪ್ರಜೆ. 1948ರ ಮಾರ್ಚಿನಲ್ಲಿ ಸಂಸ್ಥಾನವೇ ಮುಂಬಯಿ ಪ್ರಾಂತದಲ್ಲಿ ಕರಗಿತು.

ಸವದತ್ತಿ ತಾಲೂಕಿನ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟೆ ಕಟ್ಟಿದ ಮೇಲೂ ಇದೇ ನಡೆಯಿತು. ನೀರು ಬರುವ ಮೊದಲೇ ಅಭಿವೃದ್ಧಿ ಕರದ ನೋಟೀಸು ಬಂದಿತು. ರೈತರು ಪಕ್ಷಗಳನ್ನು ದೂರವಿಟ್ಟು ಒಂದಾದರು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗುಂಡು ಹಾರಿತು. ಅದೇ ವರ್ಷ ರೈತ ಸಂಘ ಹುಟ್ಟಿತು, ಹಸಿರು ಟವೆಲು ಹೆಗಲಿಗೆ ಬಂದಿತು. ಬೇಡಿಕೆ ಮೊದಲು, ಹೆಸರು ಆಮೇಲೆ. ನಾವು ಈಗ ತಲೆಕೆಳಗು ಮಾಡುತ್ತಿದ್ದೇವೆ: ಹೆಸರು ಹಿಡಿದುಕೊಂಡು ಬೇಡಿಕೆಯನ್ನು ಮರೆತಿದ್ದೇವೆ.

ಕಿತ್ತೂರಿನ ಮಾತಂತೂ ಇನ್ನೂ ಕಹಿ. 1824ರಲ್ಲಿ ಥ್ಯಾಕರೆ ದತ್ತಕವನ್ನು ಒಪ್ಪದೆ ಸಂಸ್ಥಾನದ ಖಜಾನೆಗೆ ಮುದ್ರೆ ಹಾಕಿದ. ಚೆನ್ನಮ್ಮ ಎದ್ದದ್ದು ಆ ಖಜಾನೆಯ ಕೀಲಿ ಯಾರ ಕೈಯಲ್ಲಿರಬೇಕೆಂಬ ಪ್ರಶ್ನೆಗೆ. ಆಕೆ 1829ರಲ್ಲಿ ಬೈಲಹೊಂಗಲದ ಕೋಟೆಯ ಸೆರೆಯಲ್ಲಿ ತೀರಿಹೋದಳು. ಕಂಪನಿಯ ಕಚೇರಿ ಸುಟ್ಟ ರಾಯಣ್ಣ 1831ರಲ್ಲಿ ನಂದಗಡದಲ್ಲಿ ನೇಣಿಗೇರಿದ. 2024ರಲ್ಲಿ ಇನ್ನೂರು ವರ್ಷದ ಉತ್ಸವವಾಯಿತು, ಎಲ್ಲ ಪಕ್ಷದವರೂ ಮಾಲೆ ಹಾಕಿದರು. ಖಜಾನೆಯ ಕೀಲಿಯ ಮಾತನ್ನು ಅಲ್ಲಿ ಯಾರು ಎತ್ತಿದರು? ರಾಣಿಯನ್ನು ಒಂದು ಜಾತಿಗೆ, ರಾಣಿಯ ಬಂಟನನ್ನು ಇನ್ನೊಂದು ಜಾತಿಗೆ ಪಾಲು ಮಾಡಿ ಕೊಟ್ಟಿದ್ದೇವೆ. ಅವರಿಬ್ಬರೂ ಕೂಡಿ ಕಾದಿದ್ದರು ಎಂಬುದನ್ನು ಮತಪೆಟ್ಟಿಗೆಯ ಮುಂದೆ ಮರೆಯುತ್ತೇವೆ.

ಸಣ್ಣ ವ್ಯಾಪಾರಿ ಬಂಧುಗಳಿಗೆ ಒಂದು ಮಾತು, ಸಿಟ್ಟಾಗಬಾರದು. ನೀವು ನಿಮ್ಮನ್ನು ಧಣಿಗಳ ಸಾಲಿನಲ್ಲಿ ಎಣಿಸಿಕೊಳ್ಳುತ್ತೀರಿ. ಎಲ್ಲಮ್ಮನ ಗುಡ್ಡದಲ್ಲಿ ಬನದ ಹುಣ್ಣಿವೆಗೆ ಕಾಯಿ, ಭಂಡಾರ ಮಾರುವವನೂ "ನಾನೂ ವ್ಯಾಪಾರಸ್ಥ, ನನಗ್ಯಾಕ ಕೆಂಪು ಬಾವುಟ" ಎನ್ನುತ್ತಾನೆ. 2025ರ ಜುಲೈ ನೆನಪಿದೆಯಲ್ಲವೇ? ಮೊಬೈಲಿನಲ್ಲಿ ಬಂದ ಹಣ ಎಣಿಸಿ, ಸರಕಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ದಾಟಿತೆಂದು ರಾಜ್ಯದ ತೆರಿಗೆ ಇಲಾಖೆ ಬೇಕರಿ, ಬೀಡಾ ಅಂಗಡಿ, ತರಕಾರಿಯವರಿಗೆಲ್ಲ ಜಿ.ಎಸ್.ಟಿ. ನೋಟೀಸು ಕಳಿಸಿತು. ಜನ ಕ್ಯೂಆರ್ ಚೀಟಿ ಕಿತ್ತು "ನಗದು ಮಾತ್ರ" ಎಂದು ಬರೆದರು. ವಹಿವಾಟು ಬೇರೆ, ಲಾಭ ಬೇರೆ ಎಂಬುದು ಹಾಲು ಮಾರುವ ಹುಡುಗನಿಗೂ ಗೊತ್ತು. ಬಂದ್ ಮಾಡುವೆವೆಂದು ಕೂಡಿ ನಿಂತ ಮೇಲೆಯೇ ಸರಕಾರ ಮೆತ್ತಗಾಯಿತು. ಆ ವಾರ ನಿಮ್ಮ ಜೊತೆ ಯಾವ ಧಣಿ ಬಂದಿದ್ದ? ನಿಮ್ಮ ಗಿರಾಕಿ ಯಾರು? ಪಗಾರದ ದಿನ ಉದ್ರಿ ತೀರಿಸುವ ಕಾಮಗಾರ. ಅವನ ಪಗಾರ ಇಳಿದರೆ ನಿಮ್ಮ ಗಲ್ಲೆಯೂ ಇಳಿಯುತ್ತದೆ.

ಕಾಮಗಾರ ಬಂಧುಗಳೇ, ನಿಮ್ಮ ಕಥೆ ಇನ್ನೂ ಚಿಕ್ಕದು. ಭಾರತೀಯ ಜನತಾ ಪಕ್ಷದ ಸರಕಾರ 2023ರ ಫೆಬ್ರುವರಿಯಲ್ಲಿ ಕಾರ್ಖಾನೆ ಕಾಯ್ದೆ ತಿದ್ದಿ, ದಿನಕ್ಕೆ 12 ತಾಸು ದುಡಿಸಲು ದಾರಿ ಮಾಡಿತು. ಮೂರು ತಿಂಗಳಲ್ಲಿ 75 ತಾಸಿದ್ದ ಹೆಚ್ಚುವರಿ ದುಡಿಮೆಯನ್ನು 144ಕ್ಕೆ ಏರಿಸಿತು. ವಾರದ 48 ತಾಸಿನ ಮಿತಿ ಹಾಗೇ ಇದೆ ಎಂದು ಸಮಾಧಾನ ಹೇಳಿದರು. ಮೇ ತಿಂಗಳಲ್ಲಿ ಕಾಂಗ್ರೆಸ್ ಸರಕಾರ ಬಂದಿತು. ಬಾವುಟ ಬದಲಾಯಿತು, 12 ತಾಸು ಬದಲಾಗಲಿಲ್ಲ. ಮೊದಲು 100 ಜನರಿದ್ದ ಕಾರ್ಖಾನೆ ಮುಚ್ಚಲು ಸರಕಾರದ ಅಪ್ಪಣೆ ಬೇಕಾಗಿತ್ತು. 2025ರ ನವೆಂಬರ್ 21ರಂದು ಜಾರಿಯಾದ ಕೇಂದ್ರದ ಸಂಹಿತೆಯಲ್ಲಿ ಅದು 300. ನಮ್ಮ ಕಡೆಯ ಹತ್ತಿ ಜಿನ್ನಿನಲ್ಲಿ 300 ಜನರನ್ನು ಎಣಿಸಿ ತೋರಿಸುವವರು ಯಾರಾದರೂ ಇದ್ದಾರೆಯೇ?

ಈ ಸಲ ಮತ ಕೇಳಲು ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿರಿ. ಎಡವೋ ಬಲವೋ, ಯಾವ ಮಠದವರೋ ಕೇಳಬೇಡಿರಿ. ಆ 12 ತಾಸಿನ ತಿದ್ದುಪಡಿಯನ್ನು ತೆಗೆಯುತ್ತೀರಾ, ಇಡುತ್ತೀರಾ? ನೇಕಾರನ ಮಜೂರಿಗೆ ಕಟ್ಟು ಮಾಡುತ್ತೀರಾ, ಇಲ್ಲವೋ? ಹೌದು ಅಥವಾ ಇಲ್ಲ ಎಂದು ಬಾಯಿಬಿಡುವ ತನಕ ಚಹಾ ಕೊಡಬೇಡಿರಿ.