ಗೋಪ್ಯತೆ ಬೇರೆ, ಭರವಸೆ ಬೇರೆ: ಪೇಟೆಯ ವ್ಯವಹಾರಕ್ಕೆ ಕರೆಯೋ, ಸಂದೇಶವೋ?

ಯಾದಗಿರಿ: ತೊಗರಿ, ಹತ್ತಿ, ಭತ್ತದ ವಹಿವಾಟೇ ಜೀವಾಳವಾಗಿರುವ ಯಾದಗಿರಿ, ಶಹಾಪುರ ಹಾಗೂ ಸುರಪುರದ ಪೇಟೆಗಳಲ್ಲಿ ಒಂದು ಕಾಲಕ್ಕೆ ಅಡತ್ ಅಂಗಡಿಯ ಸ್ಥಿರ ದೂರವಾಣಿಗಿದ್ದ ಸ್ಥಾನ ಇಂದು ವಾಟ್ಸ್‌ಆ್ಯಪ್‌ಗೆ ಸಂದಿದೆ. ಧಾರಣೆ, ತೂಕದ ಪಟ್ಟಿ, ರೈತನ ಪಾಸ್‌ಬುಕ್ಕಿನ ಪ್ರತಿ, ಲಾರಿ ಹೊರಟ ಸುದ್ದಿ ಎಲ್ಲವೂ ಅದರಲ್ಲಿಯೇ ಸಾಗುತ್ತಿವೆ. ಹಾಗಾದರೆ ವ್ಯಾಪಾರಿಗೆ ದೂರವಾಣಿ ಸೇವೆ ಇನ್ನು ಅನವಶ್ಯಕವೇ? ‘ಸುರಕ್ಷಿತ’ ಎನಿಸಿಕೊಂಡ ಸಂದೇಶ ವೇದಿಕೆ ನಮ್ಮನ್ನು ಯಾವುದರಿಂದ ಕಾಯುತ್ತದೆ, ಯಾವುದರಿಂದ ಕಾಯುವುದಿಲ್ಲ ಎಂಬ ಪ್ರಶ್ನೆಗೆ ಉತ್ತರ ಕಂಡುಕೊಳ್ಳದೆ ಈ ಆಯ್ಕೆ ಸಾಧ್ಯವಿಲ್ಲ.

ತಂತಿಗೂ ಕಿವಿಯುಂಟು

ಸಾಮಾನ್ಯ ದೂರವಾಣಿ ಕರೆ ಸೇವಾ ಸಂಸ್ಥೆಯ ವಿನಿಮಯ ಕೇಂದ್ರದ ಮೂಲಕ ಹಾದುಹೋಗುತ್ತದೆ. ಅಲ್ಲಿ ಅದನ್ನು ಆಲಿಸಲು ಸಾಧ್ಯ. ಇದರ ಬಿಸಿ ಕರ್ನಾಟಕಕ್ಕೆ ಹೊಸತಲ್ಲ. 1988ರಲ್ಲಿ ದೂರವಾಣಿ ಕದ್ದಾಲಿಕೆಯ ವಿವಾದದಿಂದಾಗಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಸ್ಥಾನವನ್ನೇ ತೊರೆಯಬೇಕಾಯಿತು. ದೂರವಾಣಿ ಸಂಭಾಷಣೆಯೂ ಖಾಸಗಿತನದ ಅಂಗವೆಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಮೊಕದ್ದಮೆಯಲ್ಲಿ 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕೆಂದು ಸಾರಲಾಯಿತು. ಆದರೂ ಕಾನೂನು ವಿಧಿಸಿದ ಕ್ರಮದಲ್ಲಿ ಕರೆಯನ್ನು ಆಲಿಸುವ ಅಧಿಕಾರ ಸರ್ಕಾರಕ್ಕೆ ಇದ್ದೇ ಇದೆ.

ಬೀಗ ಎಲ್ಲಿಯವರೆಗೆ?

ಕಳುಹಿಸಿದವರು ಮತ್ತು ಪಡೆದವರ ಹೊರತು ಮಧ್ಯದಲ್ಲಿ ಯಾರೂ ಓದಲಾಗದ ಗೂಢಲಿಪಿ ವ್ಯವಸ್ಥೆಯನ್ನು ವಾಟ್ಸ್‌ಆ್ಯಪ್ ತನ್ನ ಎಲ್ಲ ಬಳಕೆದಾರರಿಗೆ 2016ರ ಏಪ್ರಿಲ್‌ನಲ್ಲಿ ಒದಗಿಸಿತು. ಸಿಗ್ನಲ್‌ನಲ್ಲಿಯೂ ಎಲ್ಲ ಸಂಭಾಷಣೆಗೆ ಈ ರಕ್ಷಣೆಯಿದೆ. ಟೆಲಿಗ್ರಾಂನಲ್ಲಿ ಮಾತ್ರ ಬಳಕೆದಾರರು ತಾವಾಗಿಯೇ ಆರಂಭಿಸುವ ‘ರಹಸ್ಯ ಸಂಭಾಷಣೆ’ಗಷ್ಟೇ ಸಂದೇಶದ ಈ ಬೀಗ ಸೀಮಿತ.

ಆದರೆ ಬೀಗವಿರುವುದು ದಾರಿಗೇ ಹೊರತು ಮನೆಗಲ್ಲ. ಗುಮಾಸ್ತನ ಮೊಬೈಲ್ ಪರರ ಕೈಸೇರಿದರೆ ಅದರಲ್ಲಿರುವ ರೈತರ ಆಧಾರ್, ಪಹಣಿ, ಬ್ಯಾಂಕ್ ಖಾತೆಯ ಪ್ರತಿಗಳೆಲ್ಲ ತೆರೆದ ಪುಸ್ತಕ. ವಾಟ್ಸ್‌ಆ್ಯಪ್ ಸಂಭಾಷಣೆಯ ಬ್ಯಾಕಪ್‌ಗೂ ಗೂಢಲಿಪಿಯ ಸೌಲಭ್ಯ 2021ರಲ್ಲಿ ಬಂದಿದೆಯಾದರೂ ಅದನ್ನು ಬಳಕೆದಾರರೇ ಚಾಲ್ತಿಗೊಳಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಆಚೆ ಬದಿಯಲ್ಲಿ ಕುಳಿತು ಬರೆಯುತ್ತಿರುವವರು ನಿಜವಾಗಿಯೂ ಅವರೇನಾ ಎಂಬುದನ್ನು ಗೂಢಲಿಪಿ ಹೇಳುವುದಿಲ್ಲ. ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಹತ್ತಿಯ ಹಣ ಇದಕ್ಕೆ ಹಾಕಿ’ ಎಂಬ ವಂಚಕನ ಸಂದೇಶವೂ ಅಷ್ಟೇ ಭದ್ರವಾಗಿ ಬಂದು ತಲುಪುತ್ತದೆ!

ಪುರಾವೆಯ ಪ್ರಶ್ನೆ

ಉದ್ರಿ ವ್ಯವಹಾರವೇ ಹೆಚ್ಚಿರುವ ನಮ್ಮ ಪೇಟೆಗಳಲ್ಲಿ ಗೋಪ್ಯತೆಯಷ್ಟೇ ಪುರಾವೆಯೂ ಮುಖ್ಯ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಯನ್ನು ನಿಗದಿತ ಪ್ರಮಾಣಪತ್ರದೊಂದಿಗೆ ನ್ಯಾಯಾಲಯದ ಮುಂದಿಡಬಹುದು. ಬರೆದ ಸಂದೇಶಕ್ಕೆ ಈ ಬಲವುಂಟು. ಕರೆಯಾದರೋ ಯಾವಾಗ, ಎಷ್ಟು ಹೊತ್ತು ಮಾತನಾಡಿದ್ದು ಎಂಬ ವಿವರವನ್ನಷ್ಟೇ ಉಳಿಸುತ್ತದೆ. ಧ್ವನಿಮುದ್ರಣವಿಲ್ಲದಿದ್ದರೆ ಮಾತು ಗಾಳಿಗೆ. ಇನ್ನು ನಿಗದಿತ ಅವಧಿಯ ನಂತರ ತಾನಾಗಿಯೇ ಅಳಿಸಿಹೋಗುವ ಸಂದೇಶಗಳು ಗೋಪ್ಯತೆಗೆ ಹಿತವಾದರೂ, ಬಾಕಿ ಬರಬೇಕಾದ ರೈತನ ಪಾಲಿಗೆ ಕೈಯಲ್ಲಿದ್ದ ಚೀಟಿಯನ್ನು ಕಳೆದುಕೊಂಡಂತೆಯೇ ಸರಿ.

ಸಂಪರ್ಕ ಕಡಿದಾಗ

2021ರ ಅಕ್ಟೋಬರ್ 4ರಂದು ವಾಟ್ಸ್‌ಆ್ಯಪ್ ಜಗತ್ತಿನಾದ್ಯಂತ ಸುಮಾರು ಆರು ತಾಸು ಸ್ತಬ್ಧಗೊಂಡಿತ್ತು. 2019ರ ಡಿಸೆಂಬರ್‌ನಲ್ಲಿ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಮೊಬೈಲ್ ಇಂಟರ್ನೆಟ್ ಅನ್ನು 48 ತಾಸು ಸ್ಥಗಿತಗೊಳಿಸಲಾಗಿತ್ತು. ಇಂಟರ್ನೆಟ್ ಇಲ್ಲದಾಗ ಎಂತಹ ಭದ್ರ ಸಂದೇಶ ವೇದಿಕೆಯೂ ನಿರುಪಯುಕ್ತ. ಸಾಮಾನ್ಯ ಕರೆಗೆ ಇಂಟರ್ನೆಟ್ಟಿನ ಹಂಗಿಲ್ಲ. ಸಾದಾ ಮೊಬೈಲ್ ಬಳಸುವ ರೈತನನ್ನೂ ಅದು ತಲುಪುತ್ತದೆ.

ವ್ಯವಹಾರ ದೂರವಾಣಿ ಸೇವೆಗೆ ಮತ್ತೊಂದು ಅನುಕೂಲವುಂಟು. ಒಂದೇ ಸಂಖ್ಯೆಗೆ ಬಂದ ಕರೆಯನ್ನು ಹಲವು ಸಿಬ್ಬಂದಿಗೆ ವರ್ಗಾಯಿಸುವ, ಕರೆಗಳ ಲೆಕ್ಕ ಇಡುವ ಈ ಸೇವೆಯಲ್ಲಿ ಸಂಖ್ಯೆ ಅಂಗಡಿಯ ಸ್ವತ್ತು. ಗುಮಾಸ್ತನ ಸ್ವಂತ ಮೊಬೈಲಿನಲ್ಲಿ ವ್ಯವಹಾರ ನಡೆದರೆ, ಆತ ಕೆಲಸ ಬಿಟ್ಟ ದಿನ ಗ್ರಾಹಕರ ವಿವರವೂ ಆತನೊಂದಿಗೆ ಹೊರಟುಹೋಗುತ್ತದೆ. ಆದರೆ ಈ ಸೇವೆಗೆ ಬಾಡಿಗೆ ತೆರಬೇಕು. 2018ರಲ್ಲಿ ಬಂದ ವಾಟ್ಸ್‌ಆ್ಯಪ್ ಬಿಸಿನೆಸ್ ಆ್ಯಪ್ ಸಣ್ಣ ವ್ಯಾಪಾರಿಗೆ ಉಚಿತವಾಗಿ ದೊರೆತದ್ದೇ ಅದರ ಜನಪ್ರಿಯತೆಗೆ ಕಾರಣ ಎಂಬುದರಲ್ಲಿ ಎರಡು ಮಾತಿಲ್ಲ.

ಕೆಲಸಕ್ಕೆ ತಕ್ಕ ಸಾಧನ

ಆದ್ದರಿಂದ ಒಂದನ್ನು ಹಿಡಿದು ಇನ್ನೊಂದನ್ನು ಬಿಡುವುದು ವಿವೇಕವಲ್ಲ. ಗೋಪ್ಯವಾಗಿರಬೇಕಾದ ದಾಖಲೆಗೆ ಗೂಢಲಿಪಿಯ ಸಂದೇಶ, ಕೆಲಸ ಮುಗಿದೊಡನೆ ಮೊಬೈಲಿನಿಂದ ಅದರ ವಿಲೇವಾರಿ. ದರ, ತೂಕ, ಬಾಕಿಗೆ ಅಳಿಯದ ಬರವಣಿಗೆ. ಹಣ ಪಾವತಿಯ ಖಾತೆ ಬದಲಾವಣೆಗೆ ಕಡ್ಡಾಯವಾಗಿ ಕರೆ. ಅದೂ ಬಂದ ಕರೆಯನ್ನು ನಂಬಿ ಅಲ್ಲ, ಏಕೆಂದರೆ ಪರದೆಯಲ್ಲಿ ಕಾಣುವ ಸಂಖ್ಯೆಯನ್ನೂ ವಂಚಕರು ನಕಲು ಮಾಡಬಲ್ಲರು. ಮೊದಲೇ ಬರೆದಿಟ್ಟುಕೊಂಡ ಸಂಖ್ಯೆಗೆ ತಾವೇ ಕರೆ ಮಾಡಿ ಪರಿಚಿತ ಧ್ವನಿಯಿಂದ ಖಚಿತಪಡಿಸಿಕೊಳ್ಳಬೇಕು. ಹಣ ಕೈತಪ್ಪಿದರೆ ತಡಮಾಡದೆ 1930 ಸಹಾಯವಾಣಿಗೆ ದೂರು ನೀಡಬೇಕು.

ಹಂಗಾಮಿನ ವರ್ಷವಿಡೀ ದುಡಿಮೆ ಒಂದೇ ಪಾವತಿಯಲ್ಲಿ ಕೈಸೇರುವ ಊರುಗಳಿವು. ಎರಡು ನಿಮಿಷದ ಆ ಒಂದು ಕರೆಯನ್ನು ಅಂಗಡಿಯ ನಿಯಮವಾಗಿಸಲು ವರ್ತಕರು ಮತ್ತು ರೈತರು ಇಬ್ಬರೂ ಮುಂದಾಗಬೇಕಿದೆ.